ಡಬ್ಬಿಯೊಳಗಿನ ಗವಿ

ನಾಯಿ, ಬೆಕ್ಕು, ಗಿಳಿಗಳನ್ನು ಸಾಕುವವರನ್ನು ಬಲ್ಲೆ. ಹೂಕುಂಡವನ್ನೆತ್ತಿದರೆ ತಳದಲ್ಲಿ ಹರಿದಾಡುವ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದುಬಣ್ಣದ ಹುಳುಗಳ ಬಳಗವನ್ನು ಹಣ ಕೊಟ್ಟು ತಂದು ಸಾಕುವವರೂ ಉಂಟೆಂಬುದನ್ನು ಕಂಡದ್ದು, ಕಳೆದ ಬೇಸಗೆಯ ರಜೆಯಲ್ಲಿ ಬ್ಯಾಂಕಾಕಿನಲ್ಲಿರುವ ತಮ್ಮನ ಮನೆಗೆ ಹೋದಾಗಲೇ.

ತಮ್ಮನ ಮಗ ಒಂದು ಗಾಜಿನ ಡಬ್ಬಿಯನ್ನು ನನ್ನ ಮುಂದಿಟ್ಟನು. ಒಳಗೆ ಮಣ್ಣು, ತರಗೆಲೆ, ಕೊಳೆತ ಮರದ ಚೂರು, ಸುಣ್ಣಕಲ್ಲು. ಒಂದು ಮೂಲೆಯಲ್ಲಿ ಮಾತ್ರ ಒದ್ದೆಯಾದ ಪಾಚಿ. ಕಲ್ಲನ್ನು ಮೆಲ್ಲನೆ ಸರಿಸಿದಾಗ ಕಂದುಮೈಯ, ಹಳದಿ ಮೋರೆಯ ಹನ್ನೆರಡು ಜೀವಗಳು ಕಂಡವು. ಮುಖವೋ ಥೇಟು ಬಾತುಕೋಳಿಯ ಮರಿಯದು! ಐಸೊಪಾಡುಗಳೆಂದು ಇವುಗಳ ಕುಲನಾಮ. ಇವು ಕೀಟಗಳಲ್ಲ, ಏಡಿ, ಸೀಗಡಿಗಳ ದಾಯಾದಿಗಳು. ಏಳು ಜೊತೆ ಕಾಲು. ನೆಲಕ್ಕೆ ಬಂದು ನೆಲಸಿದರೂ ನೀರಿನ ಹಂಗು ಹರಿದಿಲ್ಲ. ಉದರದಡಿಯ ಉಸಿರಾಟದ ಅಂಗಗಳಿಗೆ ತೇವ ಬೇಕು. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿ ಹೊತ್ತು ತಿರುಗುತ್ತಾಳೆ.

ಇವುಗಳ ತವರು ಥಾಯ್ಲೆಂಡಿನ ಸುಣ್ಣಕಲ್ಲಿನ ಗವಿಗಳು. 2017ರ ಸುಮಾರಿಗೆ ಸಾಕುವವರ ಕೈಸೇರಿದ ಇವಕ್ಕೆ ಶಾಸ್ತ್ರಜ್ಞರಿಗಿಂತ ಮೊದಲು ಪೇಟೆಯೇ ‘ರಬ್ಬರ್ ಡಕಿ’ ಎಂದು ಹೆಸರಿಟ್ಟಿತು. ಶಾಸ್ತ್ರದ ಹೆಸರಿಗೆ ಮುಂಚೆ ಬೆಲೆ ಬಂದ ಜೀವವಿದು. ಪದಗಳ ಬೇಸಾಯದಲ್ಲೇ ತಲೆ ನರೆತ ನನಗೆ ಈ ಸಂಗತಿ ಚುಚ್ಚಿತು.

ಹುಡುಗ ಎರಡು ವಾರದ ಪ್ರವಾಸಕ್ಕೆ ಹೊರಟನು. “ದೊಡ್ಡಪ್ಪ, ಪಾಚಿಯ ಮೂಲೆಗೆ ಮಾತ್ರ ನೀರು ಚಿಮುಕಿಸಿ, ಉಳಿದದ್ದು ಒಣಗಿಯೇ ಇರಲಿ” ಎಂದು ಹೇಳಿ ಹೋದನು. ಸೆಕೆಗೆ ಕನಿಕರಪಟ್ಟು ನಾನು ದಿನವೂ ಡಬ್ಬಿಯನ್ನೆಲ್ಲ ತೋಯಿಸಿದೆ. ತೇವ ಆರದಿರಲೆಂದು ಗಾಳಿಯ ಕಂಡಿಗಳನ್ನೂ ಮುಚ್ಚಿದೆ. ಅವನು ಮರಳುವಾಗ ಉಳಿದಿದ್ದುವು ಐದೇ.

“ಹಣ ಕೊಡುತ್ತೇನೆ, ಬೇರೆ ತಾ” ಎಂದೆ. ಅವನು ತಲೆಯಾಡಿಸಿದನು: “ಇವು ಸಾಕಿದವರ ಮನೆಯಲ್ಲೇ ಹುಟ್ಟಿದವು, ದೊಡ್ಡಪ್ಪ. ಈಗ ಅವಸರಕ್ಕೆ ಕೊಂಡರೆ ಗವಿಯಿಂದ ಬಾಚಿ ತಂದವೇ ಸಿಕ್ಕಾವು. ಈ ಐದೇ ಸಾಕು, ಕಾಯುತ್ತೇನೆ.”

ಸಣ್ಣ ಜೀವಗಳನ್ನು ಕೂಡಿಹಾಕುವುದೇ ಪಾಪವೆನ್ನುವವರಿದ್ದಾರೆ. ಸಾಕುವುದರಿಂದಲೇ ಸಂತತಿ ಉಳಿಯುತ್ತದೆಂದು ಹೆಮ್ಮೆಪಡುವವರೂ ಇದ್ದಾರೆ. ಎರಡು ಮಾತೂ ನನಗೆ ಪೂರ್ತಿ ಒಪ್ಪಿಗೆಯಲ್ಲ. ಡಬ್ಬಿಯಲ್ಲಿ ಹುಟ್ಟಿದ ಮರಿ ಡಬ್ಬಿಯನ್ನು ತುಂಬೀತೇ ಹೊರತು ಬರಿದಾದ ಗವಿಯನ್ನು ತುಂಬದು. ಗವಿಯ ಜೀವಿಗಳಲ್ಲಿ ಒಂದೇ ಗುಡ್ಡವನ್ನು ನಂಬಿದವುಂಟು. ಇವು ಈಯುವ ಮರಿಗಳೋ ಕೆಲವೇ. ಸತ್ತಷ್ಟನ್ನೂ ಕಾಡಿನಿಂದ ತುಂಬಿಕೊಳ್ಳುವವನು ಸಾಕುವವನಲ್ಲ, ಸೂರೆಗಾರ. ಕೊಳ್ಳುವ ಮುನ್ನ ಹುಟ್ಟೂರನ್ನು ಕೇಳಬೇಕು, ಪರದೇಶದ ತೋಟದಲ್ಲಿ ಬಿಡಬಾರದು, ತನ್ನ ತಪ್ಪಿನಿಂದ ಕಳೆದುದನ್ನು ತನ್ನ ತಾಳ್ಮೆಯಿಂದಲೇ ತುಂಬಬೇಕು: ಇಷ್ಟಕ್ಕೆ ಒಪ್ಪಿದವನಿಗೆ ಮಾತ್ರ ಈ ಹವ್ಯಾಸದ ಹಕ್ಕುಂಟೆಂಬುದು ನನ್ನ ಅಭಿಮತ.

ಮೊನ್ನೆ ಹುಡುಗನಿಂದ ಸುದ್ದಿ ಬಂದಿತು: ಪಾಚಿಯಡಿಯಲ್ಲಿ ಬೆಳ್ಳಗಿನ ನಾಲ್ಕು ಪುಟ್ಟ ಮರಿಗಳು ಕಂಡಿವೆಯಂತೆ. ನನ್ನ ಸಾಲದಲ್ಲಿ ಮೂರು ಇನ್ನೂ ಬಾಕಿ.