ಗಣಿ ಗುಂಡಿ ಮುಚ್ಚಲು ಮಾರ್ಚಿ ನೋಡಬೇಡಿ, ಮಿರಗ ನೋಡಿ

ಸಂಡೂರು ಕಡೆ ನಮ್ಮ ಬೀಗರದು ನಾಲ್ಕು ಎಕರೆ ಪಟ್ಟಾ ಜಮೀನು. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ, 2005ರಲ್ಲಿ, ಮೇಲೇ ಸಿಗುವ ಅದಿರಿಗಾಗಿ ಅದನ್ನು ಅಗೆಯಲು ಕೊಟ್ಟರು. "ಅದಿರು ಮುಗಿದ ಮೇಲೆ ಮಟ್ಟ ಮಾಡಿ ಕೊಡ್ತೀನಿ ಯಜಮಾನ್ರೆ, ನೀವು ಜೋಳ ಬಿತ್ತೋಹಂಗ" ಅಂದಿದ್ದ ಅಗೆಯುವವನು. 2008ರಲ್ಲಿ ಅದಿರಿನ ಬೆಲೆ ಬಿತ್ತು. ಅವನು ಯಂತ್ರ ಎತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಗುಂಡಿ ಇವತ್ತಿಗೂ ಹಾಗೇ ಐತಿ. ಮಳೆಗಾಲದಲ್ಲಿ ಅದರೊಳಗೆ ಕೆಂಪು ನೀರು ನಿಲ್ಲುತ್ತದೆ, ಬೇಸಗೆಯಲ್ಲಿ ಜಾಲಿ ಬೆಳೆಯುತ್ತದೆ.

ನಾನು ಕುರುಗೋಡು ಕಡೆಯ ಒಣಬೇಸಾಯದವನು. ನಮ್ಮ ಗುಡ್ಡ ಕಲ್ಲಿನದು, ಅದಿರಿನದಲ್ಲ. ನಿನಗ್ಯಾಕಪ್ಪ ಗಣಿ ಉಸಾಬರಿ ಎಂದು ಕೇಳಬಹುದು. ಬೀಗರ ಮನೆಯ ದುಃಖ ನಮ್ಮದೂ ಹೌದಲ್ಲ. ಅದೂ ಅಲ್ಲದೆ, ಬೋಳು ಗುಡ್ಡದ ಮಣ್ಣು ಹರಿದು ಹೋಗಿ ಎಲ್ಲೋ ಒಂದು ಕಡೆ ಕೂತೇ ಕೂಡುತ್ತದೆ. ಸಿರುಗುಪ್ಪದ ಭತ್ತದವರು ನಂಬಿರುವ ತುಂಗಭದ್ರಾ ಅಣೆಕಟ್ಟಿನಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಎಲ್ಲಾ ಹೂಳೂ ಗಣಿಯದೇ ಅಂತ ನಾನು ಹೇಳುವುದಿಲ್ಲ.

ನನ್ನ ತಕರಾರು "ಮುಗಿದ ಮೇಲೆ" ಎಂಬ ಮಾತಿನ ಬಗ್ಗೆ. ಗಣಿ ಯಾವತ್ತೂ ಹೇಳಿದ ದಿನಕ್ಕೆ ಮುಗಿಯುವುದಿಲ್ಲ. ಒಮ್ಮೆ ಬೆಲೆ ಬಿದ್ದು ನಿಲ್ಲುತ್ತದೆ, ಒಮ್ಮೆ ಕೋರ್ಟು ನಿಲ್ಲಿಸುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಹಾಗೇ ಆಯಿತು. ಆಮೇಲೆ ಒಂದೊಂದು ಗಣಿಗೂ ಭೂಮಿ ಸುಧಾರಿಸುವ ಯೋಜನೆ ಮಾಡಿಸಿ, ಅದನ್ನು ಪಾಲಿಸಿದವರಿಗೆ ಮಾತ್ರ ಮತ್ತೆ ಕೆಲಸ ಅಂದರು. ಅದು ಒಳ್ಳೆಯದೇ ಆಯಿತು. ಆದರೆ ಬೀಗರ ಹೊಲದಂಥ ಪಟ್ಟಾ ಗುಂಡಿಗಳಿಗೆ ಮುಂದೆ ಹೊಣೆ ಹೊರುವ ಗಣಿಯವನೇ ಉಳಿದಿರಲಿಲ್ಲ.

ಆದ್ದರಿಂದ ಒಂದು ಕಡೆ ಅಗೆಯುತ್ತಾ ಹೋದಂತೆ, ಅಗೆದು ಬಿಟ್ಟ ಕಡೆ ಮುಚ್ಚುತ್ತಾ ಬರಬೇಕು. ನಮ್ಮ ದೇಶದ 2017ರ ಖನಿಜ ಸಂರಕ್ಷಣಾ ನಿಯಮದಲ್ಲೂ ಮೇಲ್ಮಣ್ಣನ್ನು ಬೇರೆ ತೆಗೆದು, ಕೆಲಸ ಮುಗಿದ ಜಾಗಕ್ಕೆ ಹಾಕಬೇಕು ಎಂದಿದೆ. ಕೂಡಲೇ ಆಗದಿದ್ದರೆ ಕೂಡಿಡಿ ಎಂದೂ ಇದೆ. ಈ ಕೂಡಿಡುವ ಮಾತಿನಲ್ಲೇ ವರ್ಷಗಳು ಉರುಳುತ್ತವೆ.

ಕೂಡಿಟ್ಟರೆ ಏನಾಯ್ತು, ಮಣ್ಣು ಎಲ್ಲಿಗೆ ಹೋಗ್ತದೆ ಅನ್ನುವವರಿಗೆ ನನ್ನ ತಪ್ಪನ್ನೇ ಹೇಳುತ್ತೇನೆ. 2015ರಲ್ಲಿ ನಮ್ಮ ಎರೆ ಹೊಲದಲ್ಲಿ ಕೃಷಿಹೊಂಡ ತೆಗೆಸಿದೆ. ಅವಸರದಲ್ಲಿ ಮೇಲಿನ ಮಣ್ಣು, ಕೆಳಗಿನ ಸುಣ್ಣಗರಸು ಎಲ್ಲಾ ಒಂದೇ ಗುಡ್ಡೆ ಹಾಕಿಸಿ, ಎರಡು ವರ್ಷ ಬಿಟ್ಟು ಹೊಲದ ಒಂದು ಮೂಲೆಗೆ ಹರಡಿಸಿದೆ. ಆ ಮೂಲೆಯಲ್ಲಿ ಮೂರು ವರ್ಷ ಜೋಳ ಮೊಣಕಾಲುದ್ದ ದಾಟಲಿಲ್ಲ. ಹುರುಳಿ ಹಾಕಿ, ತಿಪ್ಪೆಗೊಬ್ಬರ ಹೊತ್ತು ಹಾಕಿ ಈಗ ಸ್ವಲ್ಪ ದಾರಿಗೆ ಬಂದಿದೆ. ದೊಡ್ಡ ಗುಡ್ಡೆಯೊಳಗೆ ಗಾಳಿ ಆಡುವುದಿಲ್ಲ. ಎರೆಹುಳ, ಹುಲ್ಲಿನ ಬೀಜ, ಕಣ್ಣಿಗೆ ಕಾಣದ ಜೀವ ಎಲ್ಲಾ ಸಾಯುತ್ತವೆ. ನನ್ನದು ಒಂದು ಮೂಲೆ. ಗಣಿಯವರದು ನೂರಾರು ಎಕರೆ.

ಇನ್ನು ಕೆಲಸದ ತಿಂಗಳು. ಬೀಗರ ಊರಿನ ದಾರಿಯಲ್ಲಿ ಒಂದು ಡಂಪಿನ ಮೇಲೆ ಫೆಬ್ರವರಿಯಲ್ಲಿ ಸಸಿ ನೆಡುತ್ತಿದ್ದರು. ಈಗ್ಯಾಕೆ ಅಂತ ಕೇಳಿದೆ. "ಮಾರ್ಚಿಯೊಳಗೆ ಲೆಕ್ಕ ತೋರಿಸಬೇಕ್ರಿ" ಅಂದ ಮೇಸ್ತ್ರಿ. ಬಳ್ಳಾರಿ ಬಿಸಿಲಿಗೆ ಫೆಬ್ರವರಿ ಸಸಿ ಉಳಿಯುತ್ತದೆಯೇ? ಯುಗಾದಿಗೆ ಕೋಲು ಮಾತ್ರ ಉಳಿದಿದ್ದವು. ನಮ್ಮ ರೈತನ ಲೆಕ್ಕದಲ್ಲಿ ಇಳಿಜಾರು ಮಟ್ಟ ಮಾಡುವುದು, ಬದು ಹಾಕುವುದು, ಮೇಲ್ಮಣ್ಣು ಹರಡುವುದು ಬೇಸಗೆ ಕೆಲಸ. ಭರಣಿ, ಕೃತ್ತಿಕೆಯೊಳಗೆ ಮುಗಿಯಬೇಕು. ಮಿರಗಕ್ಕೆ ಹುರುಳಿ, ಸೆಣಬು, ಹುಲ್ಲಿನ ಬೀಜ ಚೆಲ್ಲಬೇಕು, ಬೇರು ಮಣ್ಣು ಹಿಡಿಯಲಿ. ಬೇವು, ಹೊಂಗೆ ಸಸಿಗಳನ್ನು ಮಾತ್ರ ತಡಮಾಡಿ ನೆಡಬೇಕು. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್‌ದು, ಹುಬ್ಬೆ, ಉತ್ತರೆಯದು. ಮಲೆನಾಡಿನ ಪಟ್ಟಿ ನೋಡಿಕೊಂಡು ಜೂನಿನಲ್ಲೇ ನೆಟ್ಟರೆ ಜುಲೈ ಒಣ ಹವೆಗೆ ಸಾಯುತ್ತವೆ.

ಓದಿದ ನಮ್ಮ ಹುಡುಗ ಒಂದು ವಿಷಯ ಹೇಳಿದ. ಅಮೆರಿಕದಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆ 1977ರಲ್ಲೇ ಕಾನೂನು ಮಾಡಿದ್ದಾರಂತೆ. ಅಗೆದ ಭೂಮಿ ಸರಿಮಾಡಿ ಬಿತ್ತಿದ ಮೇಲೂ ಐದು ವರ್ಷ ಹೊಣೆ ಗಣಿಯವನದೇ. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ಹತ್ತು ವರ್ಷ. ಅಲ್ಲಿಯ ತನಕ ಅವನ ಠೇವಣಿ ಪೂರಾ ಬಿಡುವುದಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪದಲ್ಲಿ 26 ಇಂಚು ಮಳೆ ಬಿದ್ದ ವರ್ಷ ನಾವು ಜಾತ್ರೆ ಮಾಡುತ್ತೇವೆ! ಒಣಭೂಮಿಯಲ್ಲಿ ಬೇರು ನಿಲ್ಲಲು ಎರಡು ಪಾಲು ಕಾಲ ಬೇಕೆಂದು ಆ ಕಾನೂನು ಬರೆದವರಿಗೆ ಗೊತ್ತಿತ್ತು. ನಮ್ಮಲ್ಲಿ 2021ರಲ್ಲಿ ದೊಡ್ಡ ಗಣಿಗಳ ಠೇವಣಿಯನ್ನು ಹೆಕ್ಟೇರಿಗೆ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದಾರೆ. ಎಕರೆಗೆ ಎರಡು ಲಕ್ಷ ಬಿತ್ತು. ನನ್ನ ಸಣ್ಣ ಹೊಂಡಕ್ಕೆ ಆದ ಖರ್ಚು ನೋಡಿದರೆ, ಆ ಗುಂಡಿಗಳಿಗೆ ಇದು ಯಾವ ಮೂಲೆಗೂ ಸಾಲದು.

ದುಡ್ಡಿಲ್ಲ ಅನ್ನುವಂತಿಲ್ಲ. ಗಣಿಬಾಧಿತ ಪ್ರದೇಶ ಸುಧಾರಿಸಲು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. 2022ರಲ್ಲಿ ಸುಪ್ರೀಂ ಕೋರ್ಟು ಅದರ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಅದೇ ವರ್ಷ ಬಳ್ಳಾರಿಯ ಅದಿರಿನ ಮಿತಿಯನ್ನು ವರ್ಷಕ್ಕೆ 280 ಲಕ್ಷ ಟನ್ನಿನಿಂದ 350 ಲಕ್ಷ ಟನ್ನಿಗೆ ಏರಿಸಿದರು. ತೆಗೆಯುವುದಕ್ಕೆ ಟನ್ನಿನ ಲೆಕ್ಕ ಇದೆ. ಈ ಮುಂಗಾರಿಗೆ ಎಷ್ಟು ಎಕರೆ ಮುಚ್ಚಿದರು, ಹೋದ ವರ್ಷ ಮುಚ್ಚಿದ್ದರಲ್ಲಿ ಎಷ್ಟು ಹಸಿರು ಉಳಿದಿದೆ ಎಂಬ ಲೆಕ್ಕವೂ ಬೇಕು. ಅದನ್ನು ಬಳ್ಳಾರಿಯ ಕಚೇರಿಯ ಕಡತದಲ್ಲಿ ಇಟ್ಟರೆ ನಮಗೇನು ಪ್ರಯೋಜನ? ಆಯಾ ಪಂಚಾಯ್ತಿಯ ಗೋಡೆ ಮೇಲೆ, ಸರ್ವೆ ನಂಬರಿನ ಸಮೇತ ಬರೆಯಿಸಿ.

ಆ ಪಟ್ಟಿಯಲ್ಲಿ ಪಟ್ಟಾ ಗುಂಡಿಗಳು ಮೊದಲು ಬರಲಿ. ನಮ್ಮ ಬೀಗರಿಗೆ ಎಪ್ಪತ್ತು ದಾಟಿದೆ. ಹೋದಾಗಲೆಲ್ಲ "ಯಾವ ವರ್ಷಕ್ಕೆ ಬಿತ್ತಬಹುದು" ಎಂದು ನನ್ನನ್ನೇ ಕೇಳುತ್ತಾರೆ.