ಬುದ್ಧಿಯ ಅಳತೆಗೋಲು ಯಾರದು?

ಚಳ್ಳಕೆರೆ ತಾಲೂಕಿನ ಕುದಾಪುರವೆಂಬ ಗ್ರಾಮವು ಇಪ್ಪತ್ತು ವರ್ಷಗಳ ಹಿಂದೆ ನೆರೆಯ ಜಿಲ್ಲೆಯವರಿಗೂ ಅಷ್ಟಾಗಿ ಪರಿಚಿತವಿರಲಿಲ್ಲ. ಇಂದು ಅದರ ಹೆಸರು ವಿಜ್ಞಾನಿಗಳ ಬಾಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಲ್ಲಿ ಸುಮಾರು ೧೫೦೦ ಎಕರೆಗಳ ಎರಡನೆಯ ಆವರಣವನ್ನು ಪಡೆದು, ಶಾಲಾ ಶಿಕ್ಷಕರಿಗೆ ವಿಜ್ಞಾನ, ಗಣಿತಗಳ ತರಬೇತಿಯನ್ನು ಕೊಡುತ್ತ ಬಂದಿದೆ. ಅದೇ ತಾಲೂಕಿನ ವಿಮಾನ ಪರೀಕ್ಷಾ ಕ್ಷೇತ್ರದಲ್ಲಿ ೨೦೨೩ನೆಯ ಇಸವಿಯ ಏಪ್ರಿಲ್ ೨ರಂದು, ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟ ಆಕಾಶನೌಕೆಯೊಂದು ಮನುಷ್ಯನ ಕೈ ಸೋಂಕದೆ, ತನ್ನ ದಾರಿಯನ್ನು ತಾನೇ ಲೆಕ್ಕಹಾಕಿ ಓಡುದಾರಿಗೆ ಇಳಿಯಿತು. ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಆ ಗೋಡೆಗಳ ಹೊರಗೆ, ಒಂದು ಕಾಲಕ್ಕೆ ಅಮೃತಮಹಲ್ ಕಾವಲುಗಳಾಗಿದ್ದ ಹುಲ್ಲುಗಾವಲಿನ ಅಂಚಿನಲ್ಲಿ, ಕುರಿ ಕಾಯುವವನ ಮಗನೂ ಶಾಲೆಗೆ ಬಂದು ಕುಳಿತಿರುವನಲ್ಲವೆ? ಆ ಹುಡುಗನ ಹಣೆಗೆ 'ಮಂದಬುದ್ಧಿ'ಯೆಂಬ ಚೀಟಿಯನ್ನು ಅಂಟಿಸುವಾಗ ನಾವು ಯಾವ ಅಳತೆಗೋಲನ್ನು ಹಿಡಿದಿರುತ್ತೇವೆ, ಅದು ಎಲ್ಲಿಂದ ಬಂತು, ಯಾರ ಮಕ್ಕಳನ್ನು ಅಳೆಯಲೆಂದು ಹುಟ್ಟಿತು ಎಂಬುದನ್ನು ನಮ್ಮ ಶಿಕ್ಷಕ ಬಂಧುಗಳು ಒಂದು ಕ್ಷಣ ನಿಂತು ವಿಚಾರಿಸಬೇಕೆಂದು ನಮ್ಮ ಬಿನ್ನಹ.

ಬುದ್ಧಿಮಾಪನವನ್ನು ಮೊದಲಿಗೆ ರೂಪಿಸಿದವನು ಫ್ರಾನ್ಸಿನ ಆಲ್ಫ್ರೆಡ್ ಬಿನೆಟ್. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಸಹಾಯ ಕೊಡುವದು ಹೇಗೆಂಬ ಪ್ರಶ್ನೆಯು ಪ್ಯಾರಿಸಿನ ಶಾಲೆಗಳಲ್ಲಿ ಎದ್ದಾಗ, ಆತನು ೧೯೦೫ರಲ್ಲಿ ಸಿಮೋನ್ ಎಂಬ ಸಹಾಯಕನೊಡನೆ ಮೂವತ್ತು ಪ್ರಶ್ನೆಗಳ ಒಂದು ಶ್ರೇಣಿಯನ್ನು ಸಿದ್ಧಪಡಿಸಿದನು. ಅವನ ಉದ್ದೇಶವು ರೋಗಿಗೆ ಔಷಧ ಕೊಡುವ ವೈದ್ಯನದಾಗಿತ್ತು. ತಪ್ಪಿತಸ್ಥನಿಗೆ ಮುದ್ರೆ ಒತ್ತುವ ಅಧಿಕಾರಿಯದಲ್ಲ. ಬುದ್ಧಿಯು ಹುಟ್ಟಿನಿಂದಲೇ ನಿಶ್ಚಿತವಾದ, ಹೆಚ್ಚಿಸಲಾಗದ ಪರಿಮಾಣವೆಂಬ ಮತವನ್ನು ಆತನು ೧೯೦೯ರಲ್ಲಿಯೇ ಖಂಡಿಸಿದ್ದನು. ೧೯೧೧ರಲ್ಲಿ ಅವನು ತೀರಿಕೊಂಡನು. ಮುಂದಿನ ವರ್ಷವೇ ಜರ್ಮನಿಯ ಸ್ಟರ್ನನು ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಹೇಳಿದನು. ೧೯೧೬ರಲ್ಲಿ ಅಮೇರಿಕೆಯ ಟರ್ಮನನು ಅದನ್ನು ನೂರರಿಂದ ಗುಣಿಸಿ 'ಬುದ್ಧಿಲಬ್ಧ'ವೆಂಬ ಒಂಟಿ ಅಂಕಿಯನ್ನು ಜಗತ್ತಿಗೆ ಹಂಚಿದನು. ಔಷಧಾಲಯದ ತಕ್ಕಡಿಯು ಹೀಗೆ ಸಂತೆಯ ತಕ್ಕಡಿಯಾಯಿತು.

ಆ ತಕ್ಕಡಿಯಲ್ಲಿ ಏನೇನು ತೂಗಲಿಲ್ಲ! ಮೊದಲನೆಯ ಮಹಾಯುದ್ಧದಲ್ಲಿ ಅಮೇರಿಕೆಯ ಸೈನ್ಯವು ಸುಮಾರು ಹದಿನೇಳು ಲಕ್ಷ ಜನರನ್ನು ಪರೀಕ್ಷಿಸಿತು. ಅಂಗಡಿಯಲ್ಲಿ ಮಾರುವ ಇಂಥ ಹೆಸರಿನ ಸರಕು ಔಷಧವೊ ಆಹಾರವೊ ಎಂಬ ಮಾದರಿಯ ಪ್ರಶ್ನೆಗಳೂ ಅದರಲ್ಲಿದ್ದವು. ನಿನ್ನೆ ಹಡಗಿನಿಂದಿಳಿದ ಇಟಲಿಯ ರೈತನು ಉತ್ತರಿಸಲಾರದೆ ಹೋದರೆ ಅದು ಅವನ ಬುದ್ಧಿಯ ದೋಷವೆ? ಕಾರ್ಲ್ ಬ್ರಿಗಮ್ ಎಂಬ ಪಂಡಿತನು ಆ ಅಂಕಿಗಳ ಆಧಾರದಿಂದ ೧೯೨೩ರಲ್ಲಿ ಒಂದು ಗ್ರಂಥವನ್ನೇ ಬರೆದು, ದಕ್ಷಿಣ ಹಾಗೂ ಪೂರ್ವ ಯುರೋಪಿನವರು ಬುದ್ಧಿಯಲ್ಲಿ ಕೀಳೆಂದು ಸಾರಿದನು. ಮರುವರ್ಷವೇ ಆ ಜನರ ವಲಸೆಯನ್ನು ಬಿಗಿಯಾಗಿ ತಡೆಯುವ ಕಾಯಿದೆ ಬಂತು. ೧೯೩೦ರಲ್ಲಿ ಬ್ರಿಗಮ್ಮನು ತನ್ನ ನಿರ್ಣಯಗಳಿಗೆ ಆಧಾರವಿಲ್ಲವೆಂದು ತಾನೇ ಹಿಂತೆಗೆದುಕೊಂಡನು. ಪಂಡಿತನು ಮಾತನ್ನು ಹಿಂತೆಗೆದುಕೊಂಡನು. ಕಾಯಿದೆಯು ಹಿಂದೆ ಸರಿಯಲಿಲ್ಲ.

ನಮ್ಮ ನಾಡಿಗೂ ಈ ಶಾಸ್ತ್ರವು ಬೇಗನೆ ಬಂದಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. (೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದ ಮಹನೀಯರೂ ಇವರೇ.) ಅತ್ತ ಮುಂಬಯಿ ಪ್ರಾಂತದಲ್ಲಿ ಶ್ರೀ ವಿ. ವಿ. ಕಾಮತರು ಬಿನೆಟ್ಟನ ಶ್ರೇಣಿಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ತಿದ್ದಿ ೧೯೩೪ರಲ್ಲಿ ಪ್ರಕಟಿಸಿದರು. ೧೯೪೦ರಲ್ಲಿ ಅದು ಪುಸ್ತಕವಾಗಿಯೂ ಬಂದಿತು. ಇಂಗ್ಲೀಷಿನಲ್ಲಿ ಪ್ರಶ್ನೆ ಕೇಳಿ ಕನ್ನಡದ ಕೂಸನ್ನು ದಡ್ಡನೆನ್ನುತ್ತಿದ್ದ ಕಾಲದಲ್ಲಿ, ಮಗುವಿನ ಭಾಷೆಯಲ್ಲಿಯೇ ಮಗುವನ್ನು ಕೇಳಬೇಕೆಂದ ಕಾಮತರಿಗೆ ನಾವು ಋಣಿಗಳು. ನಮ್ಮ ದೂರು ಅವರ ಮೇಲಲ್ಲ. ಅವರು ಹಾಕಿಕೊಟ್ಟ ಅಡಿಪಾಯದ ಮೇಲೆ ಒಂದು ಕಲ್ಲನ್ನೂ ಏರಿಸದೆ ಅದನ್ನೇ ಅರಮನೆಯೆಂದು ಬಗೆದು ಕುಳಿತ ನಮ್ಮವರ ಮೇಲೆ. ೧೯೫೬ರಲ್ಲಿ ಕರ್ನಾಟಕವು ಒಂದಾಯಿತು. ಬೀದರಿನಿಂದ ಚಾಮರಾಜನಗರದ ವರೆಗೆ, ಕಾರವಾರದಿಂದ ಮೊಳಕಾಲ್ಮುರುವಿನ ವರೆಗೆ ಆಡುವ ಕನ್ನಡಗಳೆಷ್ಟು! ಮುಂಬಯಿ ಪ್ರಾಂತದ ಆ ಪರೀಕ್ಷೆಯನ್ನೇ, ಸುಮಾರು ತೊಂಬತ್ತು ವರ್ಷಗಳ ತರುವಾಯವೂ, ನಮ್ಮ ಚಿಕಿತ್ಸಾಲಯಗಳಲ್ಲಿ ಮಗುವಿನ ಅಂಕಿಯನ್ನು ಕಟ್ಟಲು ಹಿಡಿಯುವದುಂಟು.

ಹಳೆಯ ಅಳತೆಗೋಲಿನ ದೋಷವು ಒಂದೇ ಕಡೆಗೆ ವಾಲುವದಿಲ್ಲವೆಂಬುದನ್ನು ಇಲ್ಲಿ ಲಕ್ಷಿಸಬೇಕು. ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸನು ೧೯೮೪ ಮತ್ತು ೧೯೮೭ರಲ್ಲಿ ತೋರಿಸಿದಂತೆ, ಅನೇಕ ದೇಶಗಳಲ್ಲಿ ಇಂಥ ಪರೀಕ್ಷೆಗಳ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರುತ್ತ ಬಂದಿವೆ. ಅಜ್ಜನಿಗಿಂತ ಮೊಮ್ಮಗನು ಹುಟ್ಟಿನಿಂದಲೇ ಜಾಣನಾದನೆ? ಇಲ್ಲ, ಶಾಲೆ, ಪೋಷಣೆ, ಮುದ್ರಿತ ಚಿತ್ರಗಳ ಪರಿಚಯ ಇವು ಹೆಚ್ಚಿದವು. ಆದಕಾರಣ ಹಳೆಯ ಮಾನದಿಂದ ಅಳೆದರೆ, ನಿಜವಾಗಿಯೂ ನೆರವು ಬೇಕಾದ ಪಟ್ಟಣದ ಮಗುವು 'ಸಾಧಾರಣ'ವೆನಿಸಿಕೊಂಡು, ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕೊಡಮಾಡಿದ ಸೌಕರ್ಯವನ್ನು ಕಳೆದುಕೊಳ್ಳಬಹುದು. ಅದೇ ಮಾನದಿಂದ ಹಟ್ಟಿಯ ಆರೋಗ್ಯವಂತ ಮಗುವು ಪ್ರಶ್ನೆಯ ಮಾತೇ ತಿಳಿಯದೆ 'ಮಂದ'ವೆನಿಸಬಹುದು. ಒಂದು ಅಂಕಿ, ಎರಡು ಅನ್ಯಾಯ.

ಹೀಗೊಂದು ಪ್ರಶ್ನೆಯನ್ನು ಕಲ್ಪಿಸಿಕೊಳ್ಳಿರಿ: ಕುರಿ, ಎತ್ತು, ಎಮ್ಮೆ, ಕಂಬಳಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ಕಂಬಳಿಯೆಂದು ಉತ್ತರಪತ್ರಿಕೆ ಹೇಳುತ್ತದೆ, ಏಕೆಂದರೆ ಉಳಿದವು ಪ್ರಾಣಿಗಳು. ಕುದಾಪುರದ ಕಡೆಯ ಕುರುಬರ ಹುಡುಗನು ಎಮ್ಮೆಯೆಂದರೆ? ಮಳೆಯಿಲ್ಲದ ಆ ಬಯಲಿನಲ್ಲಿ ಎಮ್ಮೆಗೆ ಹೊಂಡವೆಲ್ಲಿ? ಮಂದೆಯೊಡನೆ ವಲಸೆ ಹೊರಟಾಗ ಕುರಿಯೂ ಎತ್ತೂ ಕಂಬಳಿಯೂ ಜತೆಗೆ ಸಾಗುತ್ತವೆ; ಎಮ್ಮೆ ಸಾಗದು. ಇದು ತರ್ಕವಲ್ಲದೆ ಮತ್ತೇನು? ಪಶ್ಚಿಮ ಆಫ್ರಿಕೆಯ ಲೈಬೀರಿಯದಲ್ಲಿ ಜೋಸೆಫ್ ಗ್ಲಿಕ್ ಎಂಬ ಸಂಶೋಧಕನು ಕ್ಪೆಲ್ಲೆ ರೈತರಿಗೆ ವಸ್ತುಗಳನ್ನು ವಿಂಗಡಿಸಲು ಕೊಟ್ಟನು. ಅವರು ಗಡ್ಡೆಯನ್ನು ಗಡ್ಡೆಯೊಡನಿಡದೆ, ಅದನ್ನು ಹೆಚ್ಚುವ ಚಾಕುವಿನೊಡನೆ ಇಟ್ಟರು. ಬುದ್ಧಿವಂತನು ಹೀಗೆಯೇ ಮಾಡುವನೆಂದರು. ಹಾಗಾದರೆ ಮೂರ್ಖನು ಹೇಗೆ ವಿಂಗಡಿಸುವನು ಎಂದು ಕೇಳಿದಾಗ, ಆಹಾರಗಳನ್ನು ಒಂದೆಡೆ, ಸಲಕರಣೆಗಳನ್ನು ಒಂದೆಡೆ, ಪರೀಕ್ಷಕನು ಬಯಸಿದಂತೆಯೇ ಒಪ್ಪವಾಗಿ ಜೋಡಿಸಿಟ್ಟರು!

ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳಲ್ಲಿ ಇನ್ನೊಂದು ತೊಡಕೂ ಇದೆ. ಮ್ಯಾಸಬೇಡರ ಅನೇಕ ಮನೆಗಳಲ್ಲಿ ಆಡುವದು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಗೊಲ್ಲರ ಹಟ್ಟಿಗಳ ಕನ್ನಡಕ್ಕೆ ಅದರದೇ ವರಸೆ. ಕನ್ನಡದ ಅಭಿಮಾನಿಗಳಾದ ನಾವೇ ಹೇಳುತ್ತೇವೆ: ಗಡಿನಾಡಿನ ಮಗುವಿಗೆ ಪುಸ್ತಕದ ಕನ್ನಡವು ಬಾರದಿದ್ದರೆ ಅದು ಕಲಿಸಬೇಕಾದ ವಿಷಯವೇ ಹೊರತು ಬುದ್ಧಿಯ ಕೊರತೆಯಲ್ಲ. ನಮಗೆ ಇಂಗ್ಲೀಷಿನವರು ಮಾಡಿದ್ದನ್ನು ನಾವು ಅವರಿಗೆ ಮಾಡುವದು ಭಾಷಾಭಿಮಾನವೆನಿಸದು.

ಎಂಟನೆಯ ತರಗತಿಯ ಮಕ್ಕಳಿಗೆ ನಡೆಯುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ 'ಮಾನಸಿಕ ಸಾಮರ್ಥ್ಯ'ದ ೯೦ ಪ್ರಶ್ನೆಗಳಿರುತ್ತವೆ. ಅದಕ್ಕೆ ಅಭ್ಯಾಸದ ಪುಸ್ತಕಗಳು ಮಾರಾಟವಾಗುತ್ತವೆ, ವಿಶೇಷ ತರಗತಿಗಳು ನಡೆಯುತ್ತವೆ. ಅಭ್ಯಾಸದಿಂದ ಏರುವದು ಸಾಮರ್ಥ್ಯವೆಂದಾದರೆ, ಅಭ್ಯಾಸ ಸಿಗದವನನ್ನು ಅಸಮರ್ಥನೆಂದವರು ಯಾರು?

ಈ ಪರೀಕ್ಷೆಗಳಲ್ಲಿ ಗೆದ್ದವರೇ ಮುಂದೆ ಶಾಲೆಯಲ್ಲಿಯೂ ಗೆಲ್ಲುತ್ತಾರೆಂದು ಅಳತೆಯ ಪಕ್ಷದವರು ವಾದಿಸುತ್ತಾರೆ. ಒಪ್ಪಿದೆವು. ಶಾಲೆಯ ಕೆಲಸದಿಂದಲೇ ಹೆಣೆದ ಜಾಲದಲ್ಲಿ ಶಾಲೆಯ ಮೀನು ಸಿಕ್ಕಿದರೆ ಆಶ್ಚರ್ಯವೇನು? ಇನ್ನು ೧೯೮೩ರಲ್ಲಿ ಹಾವರ್ಡ್ ಗಾರ್ಡ್ನರನು ಬುದ್ಧಿ ಒಂದಲ್ಲ, ಹಲವೆಂದ ಮೇಲೆ ಆ ಮಂತ್ರವನ್ನು ಶಿಕ್ಷಕರ ಶಿಬಿರಗಳಲ್ಲಿ ಪಠಿಸುವವರು ಹೆಚ್ಚಿದ್ದಾರೆ. ಒಂದು ಚೀಟಿಯ ಬದಲು ಏಳೆಂಟು ಚೀಟಿಗಳನ್ನು ಅಂಟಿಸಿ, 'ಇವನಿಗೆ ದೇಹದ ಬುದ್ಧಿ, ಗಣಿತ ಬೇಡ' ಎಂದು ಬಡವನ ಮಗನನ್ನು ಆಟದ ಬಯಲಿಗೆ ಕಳಿಸುವದಾದರೆ ಆ ಔದಾರ್ಯವೂ ನಮಗೆ ಬೇಡ. ಕುರಿಗಾಹಿಯ ಮಗನು ಕುರಿ ಕಾಯುತ್ತಲೇ ಇರಲೆಂಬುದು ನಮ್ಮ ವಾದವಲ್ಲ. ಹಿಂಡಿನಲ್ಲಿ ಒಂದು ಕುರಿ ತಪ್ಪಿದ್ದನ್ನು ಎಣಿಸದೆಯೇ ಅರಿಯುವ ಆ ಕಣ್ಣಿಗೆ ಬೀಜಗಣಿತವೂ ದಕ್ಕುತ್ತದೆ, ಕಲಿಸುವವನು ಆ ಕಣ್ಣಿನಿಂದ ಆರಂಭಿಸಿದರೆ.

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ರೈಸ್ ಸಾಹೇಬರು ಕಂಡುಹಿಡಿದ ಅಶೋಕನ ಶಾಸನವಿದೆ. ಪರಿಶ್ರಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಬಂಡೆಯ ಮೇಲೆ ಕೊರೆದದ್ದನ್ನು ಇಂದು ಶಾಲೆಯ ದಾಖಲೆಯ ಮೇಲೆ ಬರೆಯಲು ನಮಗೆ ಸಂಕೋಚವೇಕೆ?

ಅಳತೆಯೇ ಬೇಡವೆಂದು ನಾವು ಕೂಗುವದಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳು ಕೂಡಿ, ಕರ್ನಾಟಕದ ಎಲ್ಲ ವಿಭಾಗಗಳ, ಹಟ್ಟಿ-ತಾಂಡಾಗಳ ಮಕ್ಕಳನ್ನೂ ಒಳಗೊಂಡು ಹೊಸ ಮಾನಗಳನ್ನು ಕಟ್ಟಲಿ. ಕುದಾಪುರಕ್ಕೆ ತರಬೇತಿಗೆ ಹೋಗುವ ಶಿಕ್ಷಕರಿಗೆ ಗೋಡೆಯ ಹೊರಗಿನ ಊರುಗಳಲ್ಲಿ ಒಂದು ದಿನವಾದರೂ ಕಳೆಯುವ ಏರ್ಪಾಡಾಗಲಿ. ಅಲ್ಲಿಯ ವರೆಗೆ ಇಷ್ಟಾದರೂ ನಿಯಮವಾಗಲಿ: ಯಾವ ಮಗುವಿನ ಹೆಸರಿನ ಮುಂದೆ ಬುದ್ಧಿಯ ಅಂಕಿಯನ್ನು ಬರೆದರೂ, ಯಾವ ಪರೀಕ್ಷೆ, ಅದರ ಮಾನವು ಯಾವ ಇಸವಿಯದು, ಯಾವ ಭಾಷೆಯಲ್ಲಿ ಕೇಳಿದ್ದು, ಮಗುವಿನ ಮನೆಮಾತು ಯಾವುದು ಎಂಬ ನಾಲ್ಕು ಸಂಗತಿಗಳನ್ನು ಅದೇ ಸಾಲಿನಲ್ಲಿ ಬರೆಯತಕ್ಕದ್ದು.