ಕೂಗಿದವನ ಹೆಸರು ಯಾರಿಗೂ ಬೇಡ!

ಹಾವೇರಿ ಕಡೆಯ ಓದುಗ ಮಿತ್ರರೊಬ್ಬರು ಪತ್ರ ಬರೆದು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. "ಒಬ್ಬ ಹಾಡಿದ ಹಾಡನ್ನೇ ಇನ್ನೊಬ್ಬ ಹಾಡಿ ಮಾರಿದರೆ ಅದು ಕಳ್ಳತನ ಅಲ್ಲವೇ ಸಾರ್? ಇಂಗ್ಲಿಷಿನವರು ಮಾಡಿದರೆ ಮಾತ್ರ ಅದಕ್ಕೆ ಕವರ್ ವರ್ಷನ್ ಅಂತ ಸೂಟು ಬೂಟು ಯಾಕೆ?" ಅಂತ ಅವರ ಪ್ರಶ್ನೆ. ಪ್ರಶ್ನೆ ಖಾರವಾಗಿದೆ, ಉತ್ತರ ಒಂದು ಸಾಲಿನಲ್ಲಿ ಆಗುವುದಿಲ್ಲ. ಈ ವಾರದ ಪುಟ ಪೂರ್ತಿ ಅದಕ್ಕೇ ಮೀಸಲು. ಒಂದೇ ಒಂದು ಹಾಡಿನ ಕತೆ ಹೇಳುತ್ತೇನೆ, ತೀರ್ಪು ನೀವೇ ಕೊಡಿ.

ಹಾಡಿನ ಹೆಸರು 'ಲೂಯಿ ಲೂಯಿ'. ರಾಕ್ ಅಂಡ್ ರೋಲ್ ಕೇಳುವವರಿಗೆ ಇದು ಗಣಪತಿ ಪೂಜೆ ಇದ್ದ ಹಾಗೆ. ಗಿಟಾರ್ ಕೈಗೆ ಬಂದ ಹುಡುಗ ಮೊದಲು ಕಲಿಯುವುದು ಇದನ್ನೇ. ಮೂರೇ ಕಾರ್ಡು (ಅಂಚೆ ಕಾರ್ಡಲ್ಲ ಮಾರಾಯ್ರೇ, ಗಿಟಾರಿನ ಕಾರ್ಡು), ಒಂದು ಮಧ್ಯಾಹ್ನ ಸಾಕು. ಡ ಡ ಡ... ಡ ಡ... ಡ ಡ ಡ... ಡ ಡ. ಇಷ್ಟೇ! ಇಷ್ಟನ್ನೇ ಸಾವಿರಕ್ಕೂ ಮಿಕ್ಕಿ ಜನ ರೆಕಾರ್ಡು ಮಾಡಿದ್ದಾರೆ ಅಂದರೆ ನಂಬುತ್ತೀರಾ?

ಬರೆದವನು ರಿಚರ್ಡ್ ಬೆರ್ರಿ. ಲಾಸ್ ಏಂಜಲೀಸಿನಲ್ಲಿ ಬೆಳೆದ ಕಪ್ಪು ಹುಡುಗ. ಚಕ್ ಬೆರ್ರಿಗೂ ಇವನಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ. ಒಳ್ಳೇ ಗಡಸು ಕಂಠ. 1954ರಲ್ಲಿ ರಾಬಿನ್ಸ್ ಎಂಬ ತಂಡದ ಜೈಲಿನ ಹಾಡೊಂದಕ್ಕೆ ಮುಖ್ಯ ದನಿ ಇವನದೇ, ರೆಕಾರ್ಡಿನ ಮೇಲೆ ಹೆಸರಿಲ್ಲ. 1955ರಲ್ಲಿ ಎಟ್ಟಾ ಜೇಮ್ಸ್ ಹಾಡಿ ಹೆಸರು ಮಾಡಿದ ಹಾಡಿನಲ್ಲಿ ಅವಳಿಗೆ ಎದುರುತ್ತರ ಕೊಡುವ ಗಂಡಸು ದನಿಯೂ ಇವನದೇ. ಅಲ್ಲೂ ಹೆಸರಿಲ್ಲ. ದನಿ ಕೊಟ್ಟು ಹೆಸರು ಬಿಟ್ಟು ಬರುವುದು ಅವನ ಜಾತಕದಲ್ಲೇ ಇತ್ತೋ ಏನೋ.

ಆ ದಿನಗಳಲ್ಲಿ ಬೆರ್ರಿ ಒಂದು ಲ್ಯಾಟಿನ್ ಬ್ಯಾಂಡಿನ ಜೊತೆ ಹಾಡುತ್ತಿದ್ದ. ಅವರು ಬಾರಿಸುತ್ತಿದ್ದ, ಕ್ಯೂಬಾದ ರೆನೆ ಟೂಜೆಯ ಒಂದು ಚಾ ಚಾ ಚಾ ಕುಣಿತದ ಮಟ್ಟು ಇವನ ಕಿವಿಯಲ್ಲಿ ಕೂತುಬಿಟ್ಟಿತು. ಆ ಡ ಡ ಡ ಇದೆಯಲ್ಲ, ಅದು ಅಲ್ಲಿಂದ ಬಂದದ್ದು. ಅದಕ್ಕೆ ಇವನು ಕಟ್ಟಿದ ಕತೆ ಹೀಗೆ: ಒಬ್ಬ ನಾವಿಕ. ಬಾರಿನಲ್ಲಿ ಕೂತು, ಲೂಯಿ ಎಂಬ ಬಾರಿನವನ ಹತ್ತಿರ, ಜಮೈಕಾದಲ್ಲಿರುವ ತನ್ನ ಹುಡುಗಿಯ ಕಡೆ ಹೊರಟಿದ್ದೇನೆ ಅಂತ ಮನಸ್ಸು ಬಿಚ್ಚುತ್ತಾನೆ. ಅಷ್ಟೇ. ಪಾಪದ ವಿರಹದ ಹಾಡು. ಗಮನಿಸಿ, ಮೂಲ ಅನ್ನುವ ಮೂಲದಲ್ಲೇ ಸಾಲ ಇದೆ!

1957ರಲ್ಲಿ ಫ್ಲಿಪ್ ಎಂಬ ಸಣ್ಣ ಕಂಪನಿ ಇದನ್ನು ರೆಕಾರ್ಡು ಮಾಡಿತು. ಅದೂ ಹಿಂಬದಿಯ ಹಾಡಾಗಿ. ಪಶ್ಚಿಮ ಕರಾವಳಿಯಲ್ಲಿ ಅಲ್ಪಸ್ವಲ್ಪ ಓಡಿತು, ನಿಂತಿತು. ಬೆರ್ರಿಗೆ ಮದುವೆ ಗೊತ್ತಾಗಿತ್ತು. ಮದುವೆ ಖರ್ಚಿಗೆ ದುಡ್ಡು ಬೇಕು. ಈ ಹಾಡಿನ ಹಕ್ಕನ್ನು, ಜೊತೆಗೆ ಇನ್ನೂ ಕೆಲವು ಹಾಡುಗಳನ್ನು ಸೇರಿಸಿ, 750 ಡಾಲರಿಗೆ ಕಂಪನಿಗೇ ಮಾರಿಬಿಟ್ಟ. ಅಮೆರಿಕದ ಕಾನೂನಿನಲ್ಲಿ ಆಗ ಯಾರು ಬೇಕಾದರೂ ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿ ರೆಕಾರ್ಡು ತರಬಹುದಿತ್ತು, ಪ್ರತಿ ರೆಕಾರ್ಡಿಗೆ ಹಾಡಿನ ಒಡೆಯನಿಗೆ ಎರಡು ಸೆಂಟ್ ಕಟ್ಟಬೇಕಿತ್ತು ಅಷ್ಟೇ. ಬೆರ್ರಿ ಮಾರಿದ್ದು ಆ ಎರಡು ಸೆಂಟನ್ನು. ಎಷ್ಟು ಸಲ ಎರಡು ಸೆಂಟು ಅಂತ ಆಗ ಅವನಿಗೇನು ಗೊತ್ತು!

ಈಗ ಕತೆ ಉತ್ತರಕ್ಕೆ ಹೋಗುತ್ತದೆ, ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳ ಮಳೆ ಊರುಗಳಿಗೆ. ಟಕೋಮಾ ಊರಿನ ರಾಕಿನ್ ರಾಬಿನ್ ರಾಬರ್ಟ್ಸ್ ಎಂಬ ಹುಡುಗ, ವೇಲರ್ಸ್ ತಂಡದ ಜೊತೆ ಇದನ್ನು 1961ರಲ್ಲಿ ಹೊಸದಾಗಿ ಹಾಡಿದ. ವಿರಹ ಹೋಗಿ ಕೂಗು ಬಂತು. ಅದು ಅಲ್ಲಿನ ಜೂಕ್‌ಬಾಕ್ಸುಗಳಲ್ಲಿ ತಿರುಗುತ್ತಿದ್ದಾಗ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ತಂಡದ ಜ್ಯಾಕ್ ಈಲಿ ಕೇಳಿಸಿಕೊಂಡ. ಮನೆಗೆ ಬಂದು ತಂಡಕ್ಕೆ ಕಲಿಸುವಾಗ ತಾಳ ಮರೆತು ತಪ್ಪು ಕಲಿಸಿದ! ಆ ತಪ್ಪು ತಾಳವೇ ಇವತ್ತು ಜಗತ್ತು ಬಾರಿಸುವ ಲೂಯಿ ಲೂಯಿ.

1963ರ ಏಪ್ರಿಲ್ 6. ಪೋರ್ಟ್‌ಲ್ಯಾಂಡಿನ ಒಂದು ಸಣ್ಣ ಸ್ಟುಡಿಯೋ. ಖರ್ಚು ಐವತ್ತು ಡಾಲರು ಅನ್ನುತ್ತಾರೆ. ಹಿಂದಿನ ರಾತ್ರಿ ಇದೇ ಹಾಡನ್ನು ಒಂದೂವರೆ ಗಂಟೆ ಬಿಡದೆ ಬಾರಿಸಿ ಈಲಿಯ ಗಂಟಲು ಕೆಟ್ಟಿತ್ತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ. ಮೈಕು ಎಲ್ಲೋ ಮೇಲೆ, ಸೀಲಿಂಗಿನಿಂದ ಇಳಿಬಿದ್ದಿದೆ. ಪಾಪ, ಕತ್ತು ಎತ್ತಿ, ತುದಿಗಾಲಲ್ಲಿ ನಿಂತು, ವಾದ್ಯಗಳ ಗಲಾಟೆಯ ಮಧ್ಯೆ ಕೂಗಿದ. ಗಿಟಾರಿನ ತುಣುಕು ಮುಗಿದ ಮೇಲೆ ಒಂದು ಕಡೆ ಅವಸರಪಟ್ಟು ಮುಂಚೆಯೇ ಬಾಯಿ ಹಾಕುತ್ತಾನೆ. ತಪ್ಪಾಯಿತು ಅಂತ ಗೊತ್ತಾಗಿ ಗಪ್ಪಾಗುತ್ತಾನೆ. ಡ್ರಮ್ಮಿನವನು ಲಿನ್ ಈಸ್ಟನ್, ಜಾಣ, ಒಂದು ಉರುಟು ಬಾರಿಸಿ ಆ ಕಂದಕವನ್ನು ಮುಚ್ಚುತ್ತಾನೆ. ಈಗ ಮೊಬೈಲಿನಲ್ಲೇ ಸಿಗುತ್ತದೆ, ಕಿವಿಗಿಟ್ಟು ಕೇಳಿ, ಸ್ಪಷ್ಟವಾಗಿ ಸಿಕ್ಕಿಬೀಳುತ್ತಾನೆ. ಎರಡನೇ ಟೇಕು? ಇಲ್ಲವೇ ಇಲ್ಲ.

ಅದೇ ತಿಂಗಳು ಅದೇ ಸ್ಟುಡಿಯೋದಲ್ಲಿ ಪಾಲ್ ರಿವಿಯರ್ ಅಂಡ್ ದಿ ರೈಡರ್ಸ್ ತಂಡದವರೂ ಇದೇ ಹಾಡು ಹಾಡಿ ಹೋದರು. ಅವರದು ಅಚ್ಚುಕಟ್ಟು. ಆದರೆ ಬಾಸ್ಟನ್ನಿನ ರೇಡಿಯೋದವನೊಬ್ಬ ಕಿಂಗ್ಸ್‌ಮೆನ್ ರೆಕಾರ್ಡನ್ನು "ಈ ವಾರದ ಅತ್ಯಂತ ಕೆಟ್ಟ ಹಾಡು" ಅಂತ ಹಾಕಿದ್ದೇ ತಡ, ಜನ ಅದನ್ನೇ ಬೇಕು ಅಂದರು. 1963ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನ! ಆಗ ಮೊದಲನೆಯದರಲ್ಲಿ ಕೂತಿದ್ದವರು ಯಾರು ಗೊತ್ತೆ? ಬೆಲ್ಜಿಯಂನ ಒಬ್ಬ ಕ್ರೈಸ್ತ ಸನ್ಯಾಸಿನಿ. ನಾನು ತಮಾಷೆ ಮಾಡುತ್ತಿಲ್ಲ.

ಈಲಿ ಏನು ಹಾಡಿದ ಅಂತ ಯಾರಿಗೂ ಅರ್ಥವಾಗಲಿಲ್ಲವಲ್ಲ, ಅದೇ ಅದರ ಅದೃಷ್ಟ. ಅರ್ಥವಾಗದ್ದು ಪೋಲಿಯೇ ಇರಬೇಕು ಅಂತ ಕಾಲೇಜು ಹುಡುಗರು ತಮ್ಮ ತಮ್ಮ ಪೋಲಿ ಸಾಲುಗಳನ್ನು ಚೀಟಿಯಲ್ಲಿ ಬರೆದು ಹಂಚಿದರು. ಚೀಟಿ ಅಪ್ಪಂದಿರ ಕೈಗೆ ಸಿಕ್ಕಿತು. ಇಂಡಿಯಾನಾ ರಾಜ್ಯದ ಗವರ್ನರ್ ಸಾಹೇಬರು ಇದು ಅಶ್ಲೀಲ ಅಂದರು. ಒಬ್ಬ ಪೋಷಕರ ದೂರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರೆಗೂ ಹೋಯಿತು. ಎಫ್.ಬಿ.ಐ. ಇಳಿಯಿತು! ಗೂಢಚಾರರು, ಬ್ಯಾಂಕ್ ದರೋಡೆಕೋರರ ಬೆನ್ನು ಹತ್ತಬೇಕಾದ ಅಧಿಕಾರಿಗಳು ಗ್ರಾಮಫೋನಿನ ಮುಂದೆ ಕೂತು ಒಂದೇ ರೆಕಾರ್ಡನ್ನು ಜೋರಾಗಿ, ನಿಧಾನವಾಗಿ, ಬೇರೆ ಬೇರೆ ವೇಗದಲ್ಲಿ ತಿರುಗಿಸಿ ತಿರುಗಿಸಿ ಕೇಳಿದರು. ಎರಡು ವರ್ಷಕ್ಕೂ ಮಿಕ್ಕಿ ತನಿಖೆ, ನೂರಕ್ಕೂ ಹೆಚ್ಚು ಪುಟದ ಫೈಲು. ಕೊನೆಗೆ ಬರೆದದ್ದು: ಯಾವ ವೇಗದಲ್ಲಿ ಕೇಳಿದರೂ ಅರ್ಥವಾಗುವುದಿಲ್ಲ. ಹಾಡಿದ ಜ್ಯಾಕ್ ಈಲಿಯನ್ನು ಕರೆದು "ಏನಪ್ಪಾ ಹಾಡಿದೆ" ಅಂತ ಕೇಳೋಣ ಅಂತ ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದಿದ್ದರೂ ಅವನು ಆ ತಂಡದಲ್ಲೇ ಇರಲಿಲ್ಲ ಬಿಡಿ! ಹಾಡು ಹಿಟ್ ಆಗುವ ಮೊದಲೇ, 1963ರ ಆಗಸ್ಟಿನಲ್ಲಿ, ಡ್ರಮ್ಮಿನ ಈಸ್ಟನ್ "ತಂಡದ ಹೆಸರು ನನ್ನ ಹೆಸರಿನಲ್ಲಿ ನೋಂದಣಿ ಆಗಿದೆ, ಇನ್ನು ಮುಂದೆ ಹಾಡುವವನು ನಾನು, ನೀನು ಡ್ರಮ್ ಬಾರಿಸು" ಅಂದುಬಿಟ್ಟ. ಈಲಿ ಹೊರಗೆ ನಡೆದ. ಆಮೇಲೆ ಟಿ.ವಿ.ಯಲ್ಲಿ ಕಿಂಗ್ಸ್‌ಮೆನ್ ಬಂದಾಗ ಈಸ್ಟನ್ ತುಟಿ ಆಡಿಸುತ್ತಾನೆ, ಬರುವ ದನಿ ಈಲಿಯದು.

ನಮಗೆ ಇದರಲ್ಲೇನು ವಿಶೇಷ, ಪ್ಲೇಬ್ಯಾಕ್ ತಾನೇ ಅನ್ನುತ್ತೀರಿ. ನಿಜ, ನಾವು ಪರದೆಯ ಮೇಲಿನ ಬಾಯಿ ಒಬ್ಬರದು, ಕಂಠ ಒಬ್ಬರದು ಎಂಬುದನ್ನು ಹಾಲಿನ ಜೊತೆ ಕುಡಿದವರು. 1974ರ 'ಸಂಪತ್ತಿಗೆ ಸವಾಲ್' ಬರುವವರೆಗೆ ಅಣ್ಣಾವ್ರ ಹಾಡುಗಳಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿ. ಆದರೆ ಟೈಟಲ್ ಕಾರ್ಡಿನಲ್ಲಿ ಪಿ.ಬಿ.ಎಸ್. ಹೆಸರಿತ್ತು, ರೇಡಿಯೋದಲ್ಲಿ ಹೆಸರು ಹೇಳುತ್ತಿದ್ದರು, ಚಪ್ಪಾಳೆಯಲ್ಲಿ ಪಾಲಿತ್ತು. ಅಮೆರಿಕದವರ ತುಟಿಯಾಟದಲ್ಲಿ ಹೆಸರೇ ಇಲ್ಲ. ವ್ಯತ್ಯಾಸ ಅಲ್ಲಿದೆ. ವಕೀಲರು ಬಂದ ಮೇಲೆ ರಾಜಿ ಆಯಿತು: ಈಸ್ಟನ್ ಆ ದನಿಗೆ ತುಟಿ ಆಡಿಸಕೂಡದು, ರೆಕಾರ್ಡಿನ ಮೇಲೆ ಈಲಿಯ ಹೆಸರು ಹಾಕಬೇಕು, ಈಲಿ ಕಿಂಗ್ಸ್‌ಮೆನ್ ಹೆಸರು ಬಳಸಕೂಡದು. ತನ್ನ ದನಿ ಸಿಕ್ಕಿತು, ತನ್ನ ತಂಡದ ಹೆಸರು ಹೋಯಿತು.

ಅಷ್ಟರಲ್ಲಿ ಹಾಡು ಊರೂರು ಸುತ್ತುತ್ತಿತ್ತು. 1964ರಲ್ಲಿ ಬೀಚ್ ಬಾಯ್ಸ್ ಹಾಡಿದರು, ಇಂಗ್ಲೆಂಡಿನ ಕಿಂಕ್ಸ್ ಹಾಡಿದರು, ಓಟಿಸ್ ರೆಡಿಂಗ್ ತನ್ನ ಸೋಲ್ ಕಂಠದಲ್ಲಿ ಉಜ್ಜಿ ತೊಳೆದ. 1967ರಲ್ಲಿ ಫ್ರ್ಯಾಂಕ್ ಜಪ್ಪಾನ ಬಳಗ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ದೈತ್ಯ ಪೈಪ್ ಆರ್ಗನ್ ಮೇಲೆ ಇದನ್ನೇ ಬಾರಿಸಿತು. ಮದ್ರಾಸ್ ಸಂಗೀತ ಸಭೆಯಲ್ಲಿ ತಮಟೆ ಹೊಡೆದ ಹಾಗೆ! 1981ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡ ಹರಿದು ಚಿಂದಿ ಮಾಡಿತು, ಅದೇ ವರ್ಷ ಬ್ಯಾರಿ ವೈಟ್ ರೇಷ್ಮೆ ಹೊದಿಸಿದ. ನನ್ನ ಮೆಚ್ಚಿನದು ಇವ್ಯಾವುದೂ ಅಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಜಮೈಕಾದ ಟೂಟ್ಸ್ ಅಂಡ್ ದಿ ಮೇಟಲ್ಸ್ ಹಾಡಿದ್ದು. ನೆನಪಿದೆಯಲ್ಲ, ನಾವಿಕ ಹೊರಟಿದ್ದು ಜಮೈಕಾಕ್ಕೆ. ಎಷ್ಟೋ ವರ್ಷದ ಮೇಲೆ ಅಂತೂ ಊರು ಮುಟ್ಟಿದ ಅನ್ನಿಸುತ್ತದೆ.

ಸಿನಿಮಾದವರು ಬಿಡುತ್ತಾರೆಯೇ? 1978ರ 'ಅನಿಮಲ್ ಹೌಸ್' ಚಿತ್ರದಲ್ಲಿ ಜಾನ್ ಬೆಲುಶಿ ಮತ್ತು ಗೆಳೆಯರು ಇದನ್ನು ಒರಲುತ್ತಾರೆ. ಕಿಂಗ್ಸ್‌ಮೆನ್ ರೆಕಾರ್ಡೂ ಕೇಳಿಸುತ್ತದೆ. ಕತೆ ನಡೆಯುವುದು 1962ರಲ್ಲಿ, ರೆಕಾರ್ಡು ಆದದ್ದು 1963ರಲ್ಲಿ! ನಮ್ಮ ಪೌರಾಣಿಕ ಚಿತ್ರದಲ್ಲಿ ಕೈಗಡಿಯಾರ ಕಂಡರೆ ಕೇಕೆ ಹಾಕುತ್ತೇವಲ್ಲ, ಡೈರೆಕ್ಟರ್ ಜಾನ್ ಲ್ಯಾಂಡಿಸ್‌ಗೂ ಒಂದು ಕೇಕೆ ಇರಲಿ.

ಬೆರ್ರಿ ಏನಾದ? ಎಂಬತ್ತರ ದಶಕದ ನಡುವೆ ಲಾಸ್ ಏಂಜಲೀಸಿನಲ್ಲಿ ತಾಯಿಯ ಮನೆಯಲ್ಲಿದ್ದ, ಸರ್ಕಾರದ ಸಹಾಯಧನದಲ್ಲಿ ಬದುಕುತ್ತಿದ್ದ. ಊರೆಲ್ಲಾ ಅವನ ಹಾಡು, ಜೇಬಿನಲ್ಲಿ ಕಾಸಿಲ್ಲ. ಆಗ ಒಂದು ಪಾನೀಯದ ಜಾಹೀರಾತಿಗೆ ಲೂಯಿ ಲೂಯಿ ಬೇಕಾಯಿತು, ಅದಕ್ಕೆ ಬೆರ್ರಿಯ ಸಹಿ ಬೇಕಾಯಿತು. ಸಹಿ ಹುಡುಕಿಕೊಂಡು ಬಂದ ಮೇಲೆ ಹಕ್ಕಿನ ಮಾತು ಎದ್ದಿತು, ವಕೀಲರು ನಿಂತರು, 1986ರಲ್ಲಿ ಹಾಡಿನ ಹಕ್ಕಿನ ದೊಡ್ಡ ಪಾಲು ಅವನಿಗೆ ಮರಳಿತು. ಲಕ್ಷಗಟ್ಟಲೆ ಡಾಲರು ಬಂತು. 1997ರಲ್ಲಿ ತೀರಿಕೊಳ್ಳುವ ಮೊದಲು ಹತ್ತು ವರ್ಷವಾದರೂ ಉಂಡ.

ಇನ್ನು ಹಾವೇರಿ ಮಿತ್ರರಿಗೆ. ಮತ್ತೆ ಹಾಡುವುದು ಕಳ್ಳತನ ಅಲ್ಲ ಸ್ವಾಮಿ. ಮತ್ತೆ ಹಾಡದಿದ್ದರೆ ಲೂಯಿ ಲೂಯಿ 1957ರಲ್ಲೇ ಸತ್ತಿತ್ತು. ಕೇಳಬೇಕಾದ್ದು ದುಡ್ಡು ಯಾರಿಗೆ ಹೋಯಿತು, ಹೆಸರು ಯಾರದು ಹಾಕಿದರು ಅಂತ. ನಮ್ಮ ಕಾನೂನಿಗೂ ಇದು ಗೊತ್ತು. 2012ರ ತಿದ್ದುಪಡಿಯ ಪ್ರಕಾರ ಮೂಲ ಬಂದ ಐದು ವರ್ಷದೊಳಗೆ ಕವರ್ ತರುವ ಹಾಗಿಲ್ಲ, ರಾಯಲ್ಟಿ ಮೊದಲೇ ಕಟ್ಟಬೇಕು, ಇದು ಕವರ್ ಅಂತ ಮೇಲೆ ಬರೆಯಬೇಕು, ಮೂಲ ಗಾಯಕರ ಹೆಸರು ಫೋಟೋ ಹಾಕಿ ಜನರನ್ನು ಯಾಮಾರಿಸಬಾರದು.

ಈ ಕಾನೂನು 1987ರಲ್ಲಿ ಇದ್ದಿದ್ದರೆ! ನನ್ನ ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ನಾನು ಅದೇ ತಂಡದಲ್ಲಿ ಕಂಜಿರ ಬಡಿಯುತ್ತಿದ್ದೆ, ಲೆಕ್ಕಕ್ಕಿಲ್ಲ. ಯಾರೋ ಕ್ಯಾಸೆಟ್ಟಿನವರು ಅವನನ್ನು ಕರೆದು ಒಂದೇ ದಿನ ಎಂಟು ಸಿನಿಮಾ ಹಾಡು ಹಾಡಿಸಿ, ಕಾಗದಕ್ಕೆ ಸಹಿ ಹಾಕಿಸಿ, ನಾನೂರು ರೂಪಾಯಿ ಕೊಟ್ಟು ಕಳಿಸಿದರು. ಮೂರು ತಿಂಗಳಾದ ಮೇಲೆ ದಾವಣಗೆರೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಕ್ಯಾಸೆಟ್ಟು ಹಾಡುತ್ತಿತ್ತು. ಮೇಲೆ ಹೀರೋ ಫೋಟೋ, ಸಿನಿಮಾ ಹೆಸರು ದಪ್ಪಕ್ಷರದಲ್ಲಿ. ಇವನ ಹೆಸರು ಸಣ್ಣಕ್ಷರದಲ್ಲೂ ಇಲ್ಲ. ಎರಡನೇ ಚರಣಕ್ಕೆ ಇವನು ಒಂದು ಕ್ಷಣ ಮುಂಚೆಯೇ ಎತ್ತಿಕೊಂಡಿದ್ದ. ಜ್ಯಾಕ್ ಈಲಿ ತರಹವೇ. ಅದರಿಂದ ಗುರುತು ಹತ್ತಿತು. "ಇದು ನಾನೇ ಹಾಡಿದ್ದು" ಅಂದ ಅಂಗಡಿ ಹುಡುಗನಿಗೆ. ಅವನು "ಹೌದಾ ಅಣ್ಣ, ಹದಿನೈದು ರೂಪಾಯಿ ಕೊಡಿ" ಅಂದ. ಗೆಳೆಯ ಕೊಂಡುಕೊಂಡ. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮರುವರ್ಷ ಗಣೇಶನ ಹಬ್ಬಕ್ಕೆ ಯಾವುದೋ ಹಳ್ಳಿಯ ಪೆಂಡಾಲಿನಲ್ಲಿ, ನಮಗಿಂತ ಮುಂಚೆ ಒಬ್ಬ ಹೈಸ್ಕೂಲು ಹುಡುಗ ಅದೇ ಹಾಡು ಹಾಡಿದ. ಎರಡನೇ ಚರಣ ಬಂತು. ಹುಡುಗ ಒಂದು ಕ್ಷಣ ಮುಂಚೆಯೇ ಎತ್ತಿಕೊಂಡ, ತಬಲದವನು ತಡಬಡಿಸಿ ಸರಿಮಾಡಿದ. ಕ್ಯಾಸೆಟ್ಟು ಕೇಳಿ ಕಲಿತವನು, ಅದೇ ಸರಿ ಅಂತ ತಿಳಿದಿದ್ದಾನೆ. ಗೆಳೆಯ ನನ್ನ ಕೈ ಹಿಡಿದು ಹಿಸುಕಿದ. "ಕೇಳಿದೆಯಾ? ನನ್ನ ತಪ್ಪು ಕಣೋ ಅದು!"